ಯಾವ ಇಸವಿಯ ತೋಟ?

ಹಳೇಬೀಡಿಗೆ ಹೋದವರಿಗೆ ಹೊಯ್ಸಳೇಶ್ವರನ ಗುಡಿ ಮೊದಲು ಕಾಣುವುದು ಒಂದು ಹುಲ್ಲುಹಾಸಿನ ಆಚೆಗೆ. ಫೋಟೊ ತೆಗೆಸಿಕೊಳ್ಳುವವರೂ ಅಲ್ಲೇ ನಿಲ್ಲುತ್ತಾರೆ. ಕೆಳಗೆ ಸಮನಾಗಿ ಕತ್ತರಿಸಿದ ಹಸಿರು, ಹಿಂದೆ ಬಳಪದ ಕಲ್ಲಿನ ಕೆತ್ತನೆ. 1121ರ ಸುಮಾರಿಗೆ ಶುರುವಾದ ಕಟ್ಟಡಕ್ಕೆ ಆ ಹಸಿರು ಎಷ್ಟು ಒಪ್ಪಿದೆಯೆಂದರೆ, ವಿಷ್ಣುವರ್ಧನನೂ ಇದನ್ನೇ ಕಂಡಿದ್ದನೇನೋ ಎಂದು ಯಾರಿಗಾದರೂ ಅನ್ನಿಸಬೇಕು. ಅವನು ಕಂಡಿರಲು ಸಾಧ್ಯವಿಲ್ಲ. ಹುಲ್ಲನ್ನು ಹೀಗೆ ಬಯಲಿಗೆ ಹಾಸಿ, ಅಂಚಿಗೆ ಬೇಲಿಗಿಡ ಕತ್ತರಿಸಿ ನಿಲ್ಲಿಸಿ, ನಡುವೆ ಸ್ಮಾರಕವನ್ನು ಕೂರಿಸುವ ಪದ್ಧತಿ ಇಂಗ್ಲೆಂಡಿನ ಜಮೀನ್ದಾರರ ಮನೆಗಳಿಂದ ಬಂದದ್ದು. ಹುಲ್ಲು ಕತ್ತರಿಸುವ ಯಂತ್ರವೇ ಹುಟ್ಟಿದ್ದು 1830ರಲ್ಲಿ. ಬಟ್ಟೆಯ ನೂಲೆಳೆ ಸವರುವ ಗಿರಣಿ ಯಂತ್ರವನ್ನು ನೋಡಿ ಎಡ್ವಿನ್ ಬಡ್ಡಿಂಗ್ ಎಂಬಾತ ಅದನ್ನು ಮಾಡಿದ. ಗರಿಕೆ ನಮ್ಮದೇ ಇರಬಹುದು, ಅದನ್ನು ಕತ್ತರಿಸಿ ನೋಡುವ ಕಣ್ಣು ಮಾತ್ರ ವಿಕ್ಟೋರಿಯಾ ಕಾಲದ್ದು.

ಇದನ್ನು ದೂರಾಗಿ ಹೇಳುತ್ತಿಲ್ಲ. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಕರ್ಜನ್ ತಾಜಮಹಲಿನ ತೋಟವನ್ನು ಸರಿಪಡಿಸಲು ಹೊರಟಾಗ, ಅಲ್ಲಿ ದಟ್ಟವಾಗಿ ಬೆಳೆದಿದ್ದ ಮರಗಿಡಗಳನ್ನು ತೆಗೆಸಿ ಹುಲ್ಲುಹಾಸು ಮಾಡಿಸಿದ. ನೋಟಕ್ಕೆ ಅಡ್ಡಿಯಿರಬಾರದು ಎಂಬುದು ಅವನ ಲೆಕ್ಕ. ದೇಶದ ಸ್ಮಾರಕಗಳಿಗೆಲ್ಲ ಅದೇ ಮಾದರಿಯಾಯಿತು. ಅದಕ್ಕೊಂದು ಉಪಯೋಗವೂ ಇದೆ: ಹುಲ್ಲಿನ ಬೇರು ಅಡಿಪಾಯಕ್ಕೆ ನುಗ್ಗುವುದಿಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ, ಧೂಳು ಏಳುವುದಿಲ್ಲ. ಆಲ, ಅರಳಿಗಳು ಕಲ್ಲಿನ ಸಂದಿಗೆ ಬೇರಿಳಿಸಿ ಎಷ್ಟು ಗುಡಿಗಳನ್ನು ಬಿಚ್ಚಿಹಾಕಿವೆ ಎಂಬುದನ್ನು ನೋಡಿದವರು ಹುಲ್ಲುಹಾಸನ್ನು ಬೈಯಲಾರರು. ನನ್ನ ತಕರಾರು ಒಂದೇ. ನೂರು ಚಿಲ್ಲರೆ ವರ್ಷದ ತೋಟದ ಕಲ್ಪನೆಯನ್ನು ನಾವು ಒಂಬೈನೂರು ವರ್ಷದ್ದೆಂದು ನಂಬಿಬಿಟ್ಟಿದ್ದೇವೆ.

ಈಚೆಗೆ ‘ಹಳೆಯ ಕಾಲದ ತೋಟ’ ಮಾಡಬೇಕೆಂಬ ಆಸೆ ಹಲವರಿಗೆ ಬಂದಿದೆ. ಬೇಲೂರಿನ ಆಚೆ, ಸಕಲೇಶಪುರದ ಕಡೆ, ಬ್ರಿಟಿಷರ ಕಾಲದ ಕಾಫಿ ಬಂಗಲೆಗಳು ಹೋಮ್‌ಸ್ಟೇಗಳಾಗಿವೆ. ಹೆಂಚು, ಕಿಟಕಿ, ಆರಾಮ ಕುರ್ಚಿ ಎಲ್ಲವನ್ನೂ ಹುಡುಕಿ ತಂದು ಕೂಡಿಸಿದವರು ಅಂಗಳಕ್ಕೆ ಬಂದಾಗ ನರ್ಸರಿಯ ಗಾಡಿಗೆ ಫೋನ್ ಮಾಡುತ್ತಾರೆ. ಇತ್ತ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಗುಡಿಯ ಸುತ್ತ ನಂದನವನ ಮಾಡೋಣ ಎನ್ನುವ ಮಾತು ಆಗಾಗ ಕೇಳುತ್ತದೆ. ಎರಡೂ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಇಸವಿ? ಇಸವಿ ಗೊತ್ತುಮಾಡದೆ ಗಿಡದ ಪಟ್ಟಿ ಮಾಡಿದರೆ ಅದು ಹಳೆಯ ಕಾಲದ ತೋಟವಲ್ಲ, ನಮಗೆ ಹಳೆಯದಾಗಿ ಕಾಣುವ ತೋಟ, ಅಷ್ಟೆ.

ಸುಲಭದ ಕಡೆಯಿಂದ ಶುರುಮಾಡೋಣ. 1880ರ ಬಂಗಲೆಯ ತೋಟಕ್ಕೆ ದಾಖಲೆಗಳ ಕೊರತೆ ಇಲ್ಲ, ಏಕೆಂದರೆ ಬೆಂಗಳೂರಿನ ಲಾಲ್‌ಬಾಗು ಆ ಹೊತ್ತಿಗೆ ಸೀಮೆಯ ಗಿಡಗಳಿಗೆಲ್ಲ ತಾಯಿಮನೆಯಾಗಿತ್ತು. 1760ರಲ್ಲಿ ಹೈದರಾಲಿ ಹಾಕಿಸಿದ, ಟಿಪ್ಪು ಬೆಳೆಸಿದ ತೋಟ ಅದು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಬಂದು ನೋಡಿದಾಗ ಅದು ಚೌಕ ಚೌಕದ ಪಾತಿಗಳ ತೋಟ. ಪಾತಿಗಳ ನಡುವೆ ದಾರಿ, ದಾರಿಯ ಬದಿಗೆ ಸೈಪ್ರೆಸ್ ಮರ, ಒಂದು ಪಾತಿಯ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಒಂದು ಜಾಗಕ್ಕೆ ಒಂದೇ ಜಾತಿಯ ಗಿಡ ಹಾಕುವುದು ಮುಸಲ್ಮಾನರ ಕ್ರಮ ಎಂದು ಆತ ಗುರುತುಮಾಡಿಕೊಂಡಿದ್ದಾನೆ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು, ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದ. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ನೋಡಿಕೊಂಡ. ಆಮೇಲೆ ಜರ್ಮನಿಯ ಕ್ರುಂಬಿಗಲ್. ನಮ್ಮ ಪಲ್ಯದ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ.

ನಮಗೆ ಇಲ್ಲಿ ಬೇಕಾದ್ದು ಇವರ ಹೆಸರಿಗಿಂತ ಇವರು ಮಾಡಿಟ್ಟ ಪಟ್ಟಿಗಳು. ನ್ಯೂ 1861ರಲ್ಲಿ, ಕ್ಯಾಮರಾನ್ ಅವನ ನಂತರ, ಉದ್ಯಾನದಲ್ಲಿ ಯಾವ ಯಾವ ಗಿಡ ಇವೆ ಎಂದು ಅಚ್ಚುಹಾಕಿಸಿದರು. ಕ್ಯಾಮರಾನನ 1891ರ ಪಟ್ಟಿಯಲ್ಲಿ ಒಂದು ಗಿಡ ಇದ್ದರೆ, ಆ ಇಸವಿಯಲ್ಲಿ ಮೈಸೂರು ಸೀಮೆಯ ಬಂಗಲೆಗೆ ಅದು ಬಂದಿರುವ ಸಾಧ್ಯತೆ ಇದೆ. ಎರಡು ಪಟ್ಟಿಗಳಲ್ಲೂ ಇಲ್ಲದಿದ್ದರೆ ಅನುಮಾನಪಡಬೇಕು. ಇನ್ನೊಂದು ಮೂಲವನ್ನು ನಮ್ಮವರು ಈ ಕೆಲಸಕ್ಕೆ ಬಳಸುವುದೇ ಇಲ್ಲ: 1894ರ ಕಿಟ್ಟೆಲ್ ನಿಘಂಟು. ಅದರಲ್ಲಿ ನೂರಾರು ಗಿಡಗಳ ಕನ್ನಡ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರಿದೆ. ಆ ಕಾಲಕ್ಕೆ ಜನರ ಬಾಯಲ್ಲಿ ಹೆಸರು ನೆಲೆನಿಂತಿದೆಯೆಂದರೆ ಗಿಡ ಬಂಗಲೆಯ ಬೇಲಿ ದಾಟಿ ಊರೊಳಗೆ ಬಂದಿದೆ ಎಂದರ್ಥ.

ಗಿಡಗಳು ಇಷ್ಟು ದೂರ ಹೇಗೆ ಬಂದವು? ಮೊದಮೊದಲು ಬೀಜವಾಗಿ, ಹಡಗಿನ ಉಪ್ಪುಗಾಳಿಗೆ ಸಿಕ್ಕಿ ಅರ್ಧಕ್ಕರ್ಧ ಸತ್ತು. 1829ರ ಆಸುಪಾಸಿನಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಗಾಳಿಯಾಡದಂತೆ ಮುಚ್ಚಿದ ಗಾಜಿನ ಪಾತ್ರೆಯೊಳಗೆ ಗಿಡ ತನ್ನ ಆವಿಯಿಂದಲೇ ನೀರು ಕುಡಿದು ವರ್ಷಗಟ್ಟಲೆ ಬದುಕುತ್ತದೆ ಎಂಬುದನ್ನು ಕಂಡ. ಆ ಗಾಜಿನ ಪೆಟ್ಟಿಗೆ ಹಡಗಿನ ಅಟ್ಟ ಹತ್ತಿದ ಮೇಲೆ ಚೀನಾದ ಚಹಾ, ದಕ್ಷಿಣ ಅಮೆರಿಕದ ಸಿಂಕೋನ, ಸಾವಿರ ಬಗೆಯ ಅಲಂಕಾರದ ಗಿಡಗಳು ಜೀವಂತವಾಗಿ ಖಂಡ ದಾಟಿದವು. ಅರಸೀಕೆರೆಯ ಮೇಲೆ ಹಾದು ಹರಿಹರಕ್ಕೆ ಹೋಗುವ ರೈಲು ಹಳಿ 1889ರ ಹೊತ್ತಿಗೆ ಮುಗಿಯಿತು. ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಬರಬೇಕಿದ್ದ ಸಸಿಗಳು ಅಲ್ಲಿಂದಾಚೆಗೆ ಸ್ಟೇಷನ್ನಿನಲ್ಲಿ ಇಳಿಯಬಹುದಿತ್ತು. 1880ರ ತೋಟಕ್ಕೂ 1900ರ ತೋಟಕ್ಕೂ ವ್ಯತ್ಯಾಸ ಬೀಳುವ ಕಾರಣಗಳಲ್ಲಿ ಇದೂ ಒಂದು.

ಈಗ ಇಸವಿಯ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಗುಲಾಬಿಯನ್ನೇ ತೆಗೆದುಕೊಳ್ಳಿ. ಇವತ್ತು ನರ್ಸರಿಯಲ್ಲಿ ಸಿಗುವ ಉದ್ದ ಮೊಗ್ಗಿನ, ಒಂಟಿ ಕಾಂಡದ ಗುಲಾಬಿಗಳು ಹೈಬ್ರಿಡ್ ಟೀ ವರ್ಗದವು. ಆ ವರ್ಗದ ಮೊದಲನೆಯದೆಂದು ಲೆಕ್ಕ ಹಿಡಿಯುವ ‘ಲಾ ಫ್ರಾನ್ಸ್’ ಹುಟ್ಟಿದ್ದು 1867ರಲ್ಲಿ, ಎಲ್ಲರ ಮೆಚ್ಚಿನ ‘ಪೀಸ್’ ಮಾರುಕಟ್ಟೆಗೆ ಬಂದದ್ದು 1945ರಲ್ಲಿ. 1860ರ ಬಂಗಲೆಗೆ ಇವೆರಡೂ ಸಲ್ಲವು. ಅಲ್ಲಿಗೆ ಸಲ್ಲುವುದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಅಂದರೆ ಇಂದಿನ ರಿಯೂನಿಯನ್‌ನಲ್ಲಿ, 19ನೇ ಶತಮಾನದ ಎರಡನೇ ದಶಕದಲ್ಲಿ ಗುರುತಿಗೆ ಬಂದ ತಳಿ ಅದು. ದಕ್ಷಿಣ ಭಾರತದಲ್ಲಿ ಇಂದಿಗೂ ಇದೆ. ನೋಡಲು ಅಂಥ ಚೆಲುವೇನಿಲ್ಲ, ದಳ ಬೇಗ ಉದುರುತ್ತದೆ, ಆದರೆ ಪರಿಮಳಕ್ಕೆ ಈಗಿನ ಅಂಗಡಿ ಗುಲಾಬಿ ಅದರ ಹತ್ತಿರ ಸುಳಿಯಲಾರದು. ಕಾಗದದ ಹೂವಿನದೂ ಅದೇ ಕಥೆ. ಬ್ರೆಜಿಲ್ ಮೂಲದ ಬೋಗನ್‌ವಿಲ್ಲಾ ಬ್ರಿಟಿಷರ ಕಾಲದ ಬಂಗಲೆಗೆ ಸರಿಯೇ, ನೇರಳೆ ಬಣ್ಣದ್ದಾದರೆ. ಕಡುಗೆಂಪಿನ ‘ಮಿಸೆಸ್ ಬಟ್’ ತಳಿ ಕೊಲಂಬಿಯಾದಲ್ಲಿ ಕಣ್ಣಿಗೆ ಬಿದ್ದು ಟ್ರಿನಿಡಾಡಿಗೆ ಬಂದದ್ದೇ 1910ರಲ್ಲಿ. ಸ್ವೀಟ್ ಪೀ ಬಳ್ಳಿಯ ಅಲೆಅಲೆ ದಳದ ದೊಡ್ಡ ಹೂಗಳು 1901ರ ಈಚಿನವು. ಅದಕ್ಕೆ ಹಿಂದಿನ ಸಣ್ಣ ಹೂವಿನ, ಗಾಢ ಪರಿಮಳದ ‘ಕುಪಾನಿ’, ‘ಪೇಂಟೆಡ್ ಲೇಡಿ’ ತಳಿಗಳ ಬೀಜ ಈಗಲೂ ಸಿಗುತ್ತದೆ.

ಹೀಗೆ ಲೆಕ್ಕ ಹಾಕುವುದು ತಲೆಹರಟೆ ಎಂದು ಅನ್ನಿಸಬಹುದು. ಅಮೆರಿಕದ ವಿಲಿಯಮ್ಸ್‌ಬರ್ಗ್ ಊರಿನ ಕಥೆ ಕೇಳಿದರೆ ಅನ್ನಿಸಲಾರದು. 18ನೇ ಶತಮಾನದ ಆ ಊರನ್ನು ಇದ್ದ ಹಾಗೆಯೇ ಮರಳಿ ಕಟ್ಟಲು ರಾಕ್‌ಫೆಲರ್ ಹಣ ಸುರಿದ. 1928ರಿಂದ ಆರ್ಥರ್ ಶರ್ಕ್ಲಿಫ್ ಎಂಬ ವಿನ್ಯಾಸಕಾರ ಮನೆಮನೆಗೆ ತೋಟ ಹಾಕಿದ: ಕತ್ತರಿಸಿದ ಬಾಕ್ಸ್‌ವುಡ್ ಬೇಲಿ, ಲೆಕ್ಕಾಚಾರದ ಪಾತಿ, ಕಣ್ಣು ತುಂಬುವ ಹೂ. ಜನ ಮುಗಿಬಿದ್ದರು. ದಶಕಗಳು ಕಳೆದ ಮೇಲೆ ನೆಲ ಅಗೆದು, ಹಳೆಯ ಕಾಗದ ಓದಿದ ವಿದ್ವಾಂಸರು ಹೇಳಿದ್ದು ಬೇರೆ. ಅಷ್ಟು ಚೆಂದದ ತೋಟ ಆ ಮನೆಗಳಲ್ಲಿ ಬಹುಮಟ್ಟಿಗೆ ಇರಲೇ ಇಲ್ಲ, ಇದ್ದದ್ದು ಕೋಳಿ, ಕೊಟ್ಟಿಗೆ, ಕೋಸಿನ ಪಾತಿ. ಶರ್ಕ್ಲಿಫ್ ಹಾಕಿದ್ದು 1930ರ ಜನ ಕನಸುತ್ತಿದ್ದ 18ನೇ ಶತಮಾನ. ಅದೇ ವರ್ಜೀನಿಯಾದ ಮಾಂಟಿಸೆಲೊದಲ್ಲಿ ಕೆಲಸ ಗಟ್ಟಿಯಾಯಿತು, ಏಕೆಂದರೆ ಮನೆಯ ಯಜಮಾನ ಥಾಮಸ್ ಜೆಫರ್ಸನ್ 1766ರಿಂದ 1824ರವರೆಗೆ ಯಾವ ಬೀಜ ಯಾವಾಗ ಬಿತ್ತಿದೆ, ಯಾವುದು ಸತ್ತಿತು ಎಂದು ಬರೆದಿಟ್ಟಿದ್ದ. ಅಲ್ಲಿ 1987ರಿಂದ ಹಳೆಯ ತಳಿಗಳನ್ನೇ ಕಾಪಿಟ್ಟು ಬೀಜ ಮಾರುವ ಕೇಂದ್ರವೊಂದಿದೆ.

ನಮ್ಮ ಕಾಫಿ ದೊರೆಗಳಲ್ಲಿ ಬರೆದಿಟ್ಟವರು ಕಡಿಮೆ. 1850ರ ದಶಕದಲ್ಲಿ ಸಕಲೇಶಪುರ ಸೀಮೆಯ ಮಂಜರಾಬಾದಿಗೆ ಬಂದು ಕಾಫಿ ಹಾಕಿದ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಅವನ ಆಸಕ್ತಿ ಕಾಫಿ, ಬೇಟೆ, ಚಿನ್ನದ ಗಣಿ. ಆದರೂ ಒಂದು ಉಪಕಾರ ಮಾಡಿದ್ದಾನೆ: ಕಾಫಿಗೆ ನೆರಳು ಕೊಡುವ ಬಸರಿ, ಗೋಣಿಯಂಥ ಮರಗಳನ್ನು ಕನ್ನಡದ ಹೆಸರಿನಲ್ಲೇ ಎಣಿಸಿ ಅವುಗಳ ಗುಣದೋಷ ಹೇಳಿದ್ದಾನೆ. ಬಂಗಲೆಯ ಸುತ್ತ ಈಗ ಕಾಣುವ ಸಾಲು ಸಾಲು ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಎಲಿಯಟ್ ಕಾಲದ ನೋಟ ಬೇಕಾದವರು ಬಸರಿ, ಗೋಣಿಗಳನ್ನೇ ಉಳಿಸಿಕೊಳ್ಳಬೇಕು.

ಇನ್ನು ಬೆಳೆಯುವ ವಿಚಾರ. ಬಂಗಲೆಯ ತೋಟಕ್ಕೆ ಎರಡು ಹಂಗಾಮು ಇತ್ತು, ಈಗಲೂ ಅಷ್ಟೇ. ಪ್ಯಾನ್ಸಿ, ಫ್ಲಾಕ್ಸ್, ಸ್ವೀಟ್ ಪೀ, ನಸ್ಟರ್ಷಿಯಂ, ಹಾಲಿಹಾಕ್ ಮುಂತಾದ ಸೀಮೆ ಹೂಗಳು ಚಳಿಗಾಲದವು. ಹಸ್ತ, ಚಿತ್ತೆ ಮಳೆಯ ಜೋರು ಇಳಿದ ಮೇಲೆ ಒಟ್ಲು ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಹೂ. ಮುಂಗಾರಿಗೆ ಬಿತ್ತಿದರೆ ಸಸಿ ಕೊಳೆಯುತ್ತದೆ, ಶಿವರಾತ್ರಿ ಕಳೆದ ಮೇಲೆ ಬಿತ್ತಿದರೆ ಬಿಸಿಲಿಗೆ ಕರಟುತ್ತದೆ. ಫರ್ಮಿಂಜರ್ ಎಂಬ ಪಾದ್ರಿ 1860ರ ದಶಕದಲ್ಲಿ ಬರೆದ ತೋಟಗಾರಿಕೆಯ ಕೈಪಿಡಿ ಆ ಕಾಲದ ಗಿಡಗಳನ್ನು ತಿಳಿಯಲು ಬಹಳ ಒಳ್ಳೆಯದು. ಆದರೆ ಅದು ಬಂಗಾಳ ಮತ್ತು ಉತ್ತರದ ಬಯಲಿಗೆ ಬರೆದದ್ದು. ಮೂರು ಸಾವಿರ ಅಡಿ ಎತ್ತರದ ಬೇಲೂರಿಗೆ ಅದರ ಪಂಚಾಂಗ ಹೊಂದುವುದಿಲ್ಲ.

ಅಡಿಗೆಮನೆಯ ಹಿತ್ತಲಿಗೆ ದೊರೆಸಾನಿಯರು ಹಾಕಿಸುತ್ತಿದ್ದ ಸೊಪ್ಪುಗಳಲ್ಲಿ ಪುದೀನ, ಪಾರ್ಸ್ಲಿ ಎಲ್ಲಿಯೂ ಬರುತ್ತವೆ. ಥೈಮ್, ರೋಸ್‌ಮರಿ, ಸೇಜ್, ಲ್ಯಾವೆಂಡರ್ ಮೆಡಿಟರೇನಿಯನ್ನಿನ ಒಣಬೆಟ್ಟದವು. ಇವುಗಳಿಗೆ ಚಳಿಯೂ ಬಿಸಿಲೂ ನಡೆಯುತ್ತದೆ, ಬುಡದಲ್ಲಿ ನೀರು ನಿಲ್ಲುವುದು ಮಾತ್ರ ನಡೆಯುವುದಿಲ್ಲ. ಬೇಲೂರಿನಿಂದ ಪಶ್ಚಿಮಕ್ಕೆ ಹೋದಷ್ಟೂ ಆಷಾಢದ ಮಳೆಗೆ ಇವು ಕೊಳೆತು ಹೋಗುತ್ತವೆ. ಆದ್ದರಿಂದ ಮಣ್ಣಿನ ಕುಂಡ, ಅರ್ಧಕ್ಕರ್ಧ ಮರಳು, ಜೂನ್ ಬಂದೊಡನೆ ಕುಂಡ ಜಗುಲಿಗೆ. ಬಯಲುಸೀಮೆಯ ಅರಸೀಕೆರೆಯಲ್ಲಿ ಈ ಪಾಡು ಬೇಡ. ತೆಂಗಿನ ಸಾಲಿನ ಬದಿಯಲ್ಲಿ, ಕಲ್ಲುಮಿಶ್ರಿತ ಕೆಂಪುಮಣ್ಣಿನ ಏರುಮಡಿಯಲ್ಲಿ ರೋಸ್‌ಮರಿ ಪೊದೆಯಾಗಿ ನಿಲ್ಲುತ್ತದೆ. ಮಣ್ಣು ಬದಲಾದರೆ ಹೂವಿನ ಬಣ್ಣವೂ ಬದಲಾಗುವುದಕ್ಕೆ ಹೈಡ್ರೇಂಜಿಯ ಸಾಕ್ಷಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಬೇರಿಗೆ ಅಲ್ಯುಮಿನಿಯಂ ಸುಲಭವಾಗಿ ಸಿಗುವುದರಿಂದ ಹೂ ನೀಲಿ, ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅದೇ ಗಿಡದ ಹೂ ಗುಲಾಬಿ.

ಬೀಜ ಕೊಳ್ಳುವಾಗ ಪೊಟ್ಟಣದ ಮೇಲೆ ‘ಎಫ್1’ ಎಂದಿದ್ದರೆ ಅದನ್ನು ಕೆಳಗಿಡಿ. ಎರಡು ಶುದ್ಧ ಸಾಲುಗಳನ್ನು ಕೂಡಿಸಿ ಮಾಡಿದ ಮೊದಲ ಪೀಳಿಗೆಯ ಬೀಜ ಅದು. ಅದರಿಂದ ಬೀಜ ಹಿಡಿದರೆ ಮುಂದಿನ ವರ್ಷ ಹೂ ಒಂದೊಂದು ಒಂದೊಂದು ತರ. ಈ ತಂತ್ರ ಹೂವಿನ ಬೀಜಕ್ಕೆ ಬಂದದ್ದೇ 20ನೇ ಶತಮಾನದಲ್ಲಿ. ಬ್ರಿಟಿಷ್ ಕಾಲದ ಮಾಲಿ ತನ್ನ ಗಿಡದ ಬೀಜವನ್ನು ತಾನೇ ಹಿಡಿದು, ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ. ಗಾಳಿ, ದುಂಬಿಗಳ ಪರಾಗಸ್ಪರ್ಶಕ್ಕೆ ಬಿಟ್ಟ ತಳಿಗಳೇ ಇದಕ್ಕೆ ಆಗಬೇಕು.

ಇಷ್ಟೆಲ್ಲ ಹುಡುಕಾಟದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವ ಭಂಡಾರ ಲಾಲ್‌ಬಾಗೂ ಅಲ್ಲ, ಕ್ಯೂ ಉದ್ಯಾನವೂ ಅಲ್ಲ. ಮಲೆನಾಡಿನ ಹೆಂಗಸರ ಡೇರೆ ಹೂವಿನ ಸಾಲು. ಡೇಲಿಯಾ ಮೆಕ್ಸಿಕೊದ್ದು. 1789ರಲ್ಲಿ ಮ್ಯಾಡ್ರಿಡ್ಡಿಗೆ ಬಂದು ಅಲ್ಲಿಂದ ಯುರೋಪಿನ ಹುಚ್ಚಾಗಿ ಬೆಳೆದು, ಸಾಹೇಬರ ಸಾಮಾನಿನ ಜೊತೆ ನಮ್ಮ ಕಡೆ ಬಂತು. ಬಂಗಲೆಯಲ್ಲಿ ಕೆಲಸಕ್ಕಿದ್ದವರ ಕೈಯಿಂದ ಒಂದು ಗೆಡ್ಡೆ ಹೊರಬಿದ್ದದ್ದೇ ತಡ, ಹೆಸರು ಡೇರೆಯಾಯಿತು, ಮುಂಗಾರಿನ ಮೊದಲ ಮಳೆಗೆ ನೆಟ್ಟು ಗಣೇಶನ ಹಬ್ಬಕ್ಕೆ ಅರಳಿಸುವ ಅಂಗಳದ ಹೂವಾಯಿತು. ಅಕ್ಕ ತಂಗಿಗೆ, ಅತ್ತಿಗೆ ನಾದಿನಿಗೆ, ಮದುವೆ ಮನೆಗೆ ಬಂದ ನೆಂಟರು ಪಕ್ಕದ ಮನೆಯವರಿಗೆ ಕುಡಿ ಕೊಟ್ಟು ಕೊಟ್ಟು ಅದು ಹಬ್ಬಿತು. ಇದರಲ್ಲಿ ಒಂದು ಸಸ್ಯಶಾಸ್ತ್ರದ ಗುಟ್ಟಿದೆ. ಡೇಲಿಯಾದ ಜೀವಕೋಶದಲ್ಲಿ ವರ್ಣತಂತುಗಳ ಎಂಟು ಪ್ರತಿಗಳು ಇರುವುದರಿಂದ ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆ ಬರುವುದೇ ಇಲ್ಲ. ಗೆಡ್ಡೆ ಅಥವಾ ಕುಡಿಯಿಂದ ಹಬ್ಬಿಸಿದ್ದು ಮಾತ್ರ ಅದೇ ಗಿಡದ ಮುಂದುವರಿಕೆ. ಹಾಗಾಗಿ ಅಜ್ಜಿಯ ಕಾಲದಿಂದ ಕೈಯಿಂದ ಕೈಗೆ ಬಂದ ಡೇರೆ, ನೂರು ವರ್ಷ ಹಿಂದೆ ಬಂಗಲೆಯಲ್ಲಿ ಅರಳಿದ ಗಿಡವೇ ಆಗಿರುವ ಸಾಧ್ಯತೆ ನಿಜಕ್ಕೂ ಇದೆ. ಯುರೋಪಿನಲ್ಲಿ ಫ್ಯಾಷನ್ ಬದಲಾದಂತೆ ಹಳೆಯ ತಳಿಗಳು ನೂರಾರು ಲೆಕ್ಕದಲ್ಲಿ ಅಳಿದವು. ಮೂಡಿಗೆರೆ, ಸಕಲೇಶಪುರದ ಯಾವುದೋ ಹೆಂಚಿನ ಮನೆಯ ಅಂಗಳದಲ್ಲಿ ಅವುಗಳಲ್ಲೊಂದು ಊರುಗೋಲಿಗೆ ಕಟ್ಟಿಸಿಕೊಂಡು ನಿಂತಿರಲಾರದು ಎಂದು ಯಾರು ಹೇಳಬಲ್ಲರು? ಗ್ಲಾಡಿಯೋಲಸ್, ಕಾಬಾಳೆ ಹೂಗಳಿಗೂ ಈ ಮಾತು ಅಷ್ಟಿಷ್ಟು ಅನ್ವಯಿಸುತ್ತದೆ.

ಗಿಡಗಳ ಪ್ರಯಾಣ ಒಮ್ಮುಖದ್ದಲ್ಲ. ನಮ್ಮ ಬೇಲಿಯ ಕರ್ಣಕುಂಡಲ 16ನೇ ಶತಮಾನದಲ್ಲೇ ಇಂಗ್ಲೆಂಡಿನ ತೋಟ ಸೇರಿ ‘ಬಾಲ್ಸಮ್’ ಆಗಿ, ಎಸಳು ಹೆಚ್ಚಿಸಿಕೊಂಡು, ಬೀಜದ ಪೊಟ್ಟಣದಲ್ಲಿ ಕುಳಿತು ಬಂಗಲೆಗೆ ವಾಪಸ್ ಬಂತು.

ನಿಖರತೆಗೂ ಒಂದು ಮಿತಿ ಇರಬೇಕು. ಲಂಟಾನ ಆ ಕಾಲದ ತೋಟದ್ದೇ. 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ಬಂದು, ಬೇಲಿಗಿಡವಾಗಿ ಹರಡಿ, ಈಗ ಬಂಡೀಪುರದಿಂದ ಬಿಳಿಗಿರಿಯವರೆಗೆ ಕಾಡಿನ ತಳವನ್ನೇ ನುಂಗಿದೆ. ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ಚೆಂದಕ್ಕೆಂದೇ ತಂದ ಕೊಳದ ಹೂ. ಇತಿಹಾಸಕ್ಕೆ ನಿಷ್ಠೆ ಎಂಬ ಹೆಸರಿನಲ್ಲಿ ಇವೆರಡನ್ನು ಯಾರೂ ನೆಡಕೂಡದು. ಹೆಸರನ್ನು ಬೋರ್ಡಿನಲ್ಲಿ ಬರೆದು ಪಾತಿ ಖಾಲಿ ಬಿಡಲಿ.

ಹೊಯ್ಸಳರ ಕಾಲದ ತೋಟಕ್ಕೆ ಬಂದರೆ ಕಷ್ಟ ಹೆಚ್ಚುತ್ತದೆ. ಅಲ್ಲಿ ಬೇಕಾದ್ದು ಮೊದಲು ಏನನ್ನು ನೆಡಬಾರದು ಎಂಬ ಪಟ್ಟಿ. ಬೇಲೂರಿನ ಚೆನ್ನಕೇಶವನ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವವರ ಹತ್ತಿರ ಇವತ್ತು ಸಿಗುವುದರಲ್ಲಿ ಚೆಂಡುಹೂ ಮೆಕ್ಸಿಕೊದ್ದು, ಸುಗಂಧರಾಜ ಮೆಕ್ಸಿಕೊದ್ದು. ಗುಡಿಗಳ ಪ್ರಾಕಾರದಲ್ಲಿ ಹಳೆಯ ಮರವೆಂದು ಕೈಮುಗಿಯುವ ದೇವಕಣಗಿಲೆ ಉಷ್ಣವಲಯದ ಅಮೆರಿಕದಿಂದ ಬಂದದ್ದು. ಶಿವನಿಗೆ ಪ್ರಿಯವೆನ್ನುವ ನಾಗಲಿಂಗ ಪುಷ್ಪದ ಮರ ದಕ್ಷಿಣ ಅಮೆರಿಕದ್ದು. ಸಂಜೆಮಲ್ಲಿಗೆಯೂ ಅತ್ತ ಕಡೆಯದೇ, ಕಾಶಿಕಣಗಿಲೆ ಮಡಗಾಸ್ಕರಿನದು. ಇವ್ಯಾವುವೂ 1117ರಲ್ಲಿ ಬೇಲೂರಿನ ಗುಡಿಯ ಪ್ರತಿಷ್ಠೆಯಾದಾಗ ಇರಲಿಲ್ಲ. ಹಾಗೆಂದು ದೇವರ ಮೇಲಿನ ಚೆಂಡುಹೂವಿನ ಹಾರ ತೆಗೆಯಿರಿ ಎನ್ನುವುದು ಮೂರ್ಖತನ. ಪೂಜೆಗೆ ಆಗಮ ಒ‍ಪ್ಪಿದರೆ ಸಾಕು, ಸಸ್ಯಶಾಸ್ತ್ರ ಒ‍ಪ್ಪಬೇಕಾಗಿಲ್ಲ. ‘ಹೊಯ್ಸಳ ನಂದನವನ’ ಎಂದು ಬೋರ್ಡು ಹಾಕಿದ ಜಾಗದಲ್ಲಿ ಮಾತ್ರ ಅವು ಇರಕೂಡದು.

ಏನಿತ್ತು ಎಂಬುದಕ್ಕೆ ಆಧಾರಗಳು ಮೂರು ತೆರ. ಶಾಸನಗಳಲ್ಲಿ ದೇವರ ಪೂದೋಂಟಕ್ಕೆ ಬಿಟ್ಟ ಭೂಮಿಯ ಉಲ್ಲೇಖಗಳಿವೆ. ಎಲ್ಲೆ, ಅಳತೆಗಳನ್ನು ಬಿಡದೆ ಹೇಳುವ ಶಾಸನ ಗಿಡಗಳ ಹೆಸರಿಗೆ ಬಂದಾಗ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಗ್ರಂಥಗಳು ಹೆಚ್ಚು ಉದಾರಿಗಳು. 1025ರ ಹೊತ್ತಿಗೆ ಎರಡನೇ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಗೂ ಸುಗಂಧ ದ್ರವ್ಯಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಹಳೇಬೀಡಿನ ಅರಮನೆಯಲ್ಲಿ ಕರಣಿಕನಾಗಿದ್ದು ಹಂಪೆಗೆ ಹೋದನೆಂದು ಪ್ರತೀತಿ ಇರುವ ಹರಿಹರ ಹೂ ಕೊಯ್ಯುವುದರ ಮೇಲೆಯೇ ‘ಪುಷ್ಪರಗಳೆ’ ಬರೆದ. ಅದನ್ನು ಭಕ್ತಿಗಾಗಿ ಓದುತ್ತ ಬಂದಿದ್ದೇವೆ, ತೋಟಗಾರಿಕೆಯ ದಾಖಲೆಯಾಗಿಯೂ ಓದಬಹುದು.

ಮೂರನೆಯ ಆಧಾರ ಕಲ್ಲು. ಇದು ಕಣ್ಣಿಗೆ ಹತ್ತಿರ, ಆದ್ದರಿಂದಲೇ ಮೋಸದ್ದು. ಬೇಲೂರಿನ ಮದನಿಕೆಯೊಬ್ಬಳ ತಲೆಯ ಮೇಲೆ ಹಲಸಿನ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದಕ್ಕೆ ಹೊಂಚುಹಾಕಿದ ಹಲ್ಲಿಯನ್ನೂ ಗೈಡ್‌ಗಳು ತೋರಿಸುತ್ತಾರೆ. ಅಲ್ಲಿ ಯಾರಿಗೂ ಜಗಳವಿಲ್ಲ, ಹಲಸು ನಮ್ಮ ಘಟ್ಟದ್ದೇ. ಜಗಳ ಹುಟ್ಟಿದ್ದು ಜೋಳಕ್ಕೆ. ಒರೆಗಾನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೋಹಾನೆಸ್ಸನ್ 1989ರಲ್ಲಿ, ಹೊಯ್ಸಳ ಗುಡಿಗಳ ಮೂರ್ತಿಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಆದ್ದರಿಂದ ಕೊಲಂಬಸ್‌ಗಿಂತ ಮುಂಚೆಯೇ ಅಮೆರಿಕದ ಜೋಳ ಇಲ್ಲಿಗೆ ಬಂದಿತ್ತು ಎಂದು ವಾದಿಸಿದ. ಕಾಳಿನ ಸಾಲು, ತೆನೆಯ ಆಕಾರ ಎಲ್ಲವನ್ನೂ ಅಳೆದಿದ್ದ. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತದ ಜೋಳ ವಿಜ್ಞಾನಿಗಳು ಅದನ್ನು ಅಲ್ಲಗಳೆದರು. ಅವರು ಹೇಳಿದಂತೆ ಅದು ಮುತ್ತುಗಳನ್ನು ಪೋಣಿಸಿದ ಕಲ್ಪನೆಯ ಮುಕ್ತಾಫಲ. ಹೆಚ್ಚಿನ ವಿದ್ವಾಂಸರು ಇವರ ಕಡೆ ಇದ್ದಾರೆ, ನಾನೂ. ಜೋಳದಂಥ ಬೆಳೆ ಬಂದಿದ್ದರೆ ಅದು ದೇವರ ಕೈಯಲ್ಲಷ್ಟೇ ಉಳಿಯುತ್ತಿತ್ತೆ? ರೈತರ ತೆರಿಗೆಯಲ್ಲಿ, ಕವಿಗಳ ಊಟದ ಪಟ್ಟಿಯಲ್ಲಿ, ಮಣ್ಣಿನ ಕೆಳಗಿನ ಸುಟ್ಟ ಕಾಳಿನಲ್ಲಿ ಎಲ್ಲಾದರೂ ಸಿಗಬೇಕಿತ್ತು. ಶಿಲ್ಪಿ ಒಡವೆಯನ್ನು ಕೂದಲೆಳೆಯಷ್ಟು ನಿಜವಾಗಿ ಕೆತ್ತುತ್ತಾನೆ, ಬಳ್ಳಿಯನ್ನು ತನಗೆ ಬೇಕಾದಂತೆ ಬಾಗಿಸುತ್ತಾನೆ. ಶಿಲ್ಪ ನೋಡಿ ಗಿಡದ ಪಟ್ಟಿ ಮಾಡುವವರು ಇದನ್ನು ಮರೆಯಬಾರದು.

ನೆಲವನ್ನೇ ಕೇಳುವ ದಾರಿಯೂ ಒಂದಿದೆ. ಕೆರೆಯ ಹೂಳಿನಲ್ಲಿ ಪರಾಗ ಶತಮಾನಗಳ ಕಾಲ ಕೆಡದೆ ಉಳಿಯುತ್ತದೆ, ಹುಲ್ಲಿನ ಜಾತಿಯ ಎಲೆಗಳಲ್ಲಿನ ಸಿಲಿಕಾ ಕಣಗಳು ಮಣ್ಣಿನಲ್ಲಿ ಉಳಿಯುತ್ತವೆ. ಹಳೇಬೀಡಿನ ದ್ವಾರಸಮುದ್ರ ಕೆರೆಯ ತಳದ ಹೂಳು ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಆದರೆ ಗಾಳಿಗೆ ಪರಾಗ ತೂರುವ ಹುಲ್ಲು, ಜೋಳಗಳು ಹೂಳಿನಲ್ಲಿ ಧಾರಾಳವಾಗಿ ಸಿಗುತ್ತವೆ, ದುಂಬಿಯನ್ನು ನಂಬಿದ ಮಲ್ಲಿಗೆ, ಸಂಪಿಗೆಗಳು ಅಪರೂಪ. ದೇವರಿಗೆ ಬೇಕಾದ ಹೂವೇ ಸಾಕ್ಷಿ ಬಿಡದ ಹೂ.

ಹೀಗಿದ್ದೂ ಧೈರ್ಯವಾಗಿ ನೆಡಬಹುದಾದವು ಬೇಕಾದಷ್ಟಿವೆ: ಸಂಪಿಗೆ, ರಂಜ, ಸುರಗಿ, ಸುರಹೊನ್ನೆ, ಪಾದರಿ, ಕೇದಿಗೆ, ಜಾಜಿ, ಮಲ್ಲಿಗೆ, ಕಣಗಿಲೆ, ತಾವರೆ, ನೈದಿಲೆ. ಪರಿಮಳದ ಎಲೆಗಳಲ್ಲಿ ತುಳಸಿ, ದವನ, ಮರುಗ. ಇವುಗಳಲ್ಲಿ ಸುರಗಿಯನ್ನು ಬಿಡಲೇಬೇಡಿ. ಘಟ್ಟದ ಮರ, ಒಣಗಿದರೂ ಪರಿಮಳ ಬಿಡದ ಹೂ, ಈಚೆಗೆ ನೆಡುವವರೇ ಇಲ್ಲ. ಗುಡಿಯ ಅಡಿಪಾಯದ ಹತ್ತಿರ ಇವುಗಳಲ್ಲಿ ಯಾವ ಮರವೂ ಬೇಡ. ಹಳೇಬೀಡಿನ ಹುಲ್ಲುಹಾಸು ಇದ್ದಲ್ಲೇ ಇರಲಿ. ತೋಟ ಆವರಣದ ಹೊರಗೆ, ಕೆರೆಯ ಕಡೆ ಆಗಲಿ. ಒಂದು ಭಾಗಕ್ಕೆ 1121 ಎಂದೂ ಇನ್ನೊಂದಕ್ಕೆ 1891 ಎಂದೂ ಬೋರ್ಡು ಹಾಕಿ, ಪ್ರತಿ ಗಿಡದ ಬುಡದಲ್ಲಿ ಅದು ಯಾವ ಆಧಾರದ ಮೇಲೆ ಅಲ್ಲಿದೆ ಎಂದು ಒಂದು ಸಾಲು ಬರೆದರೆ, ಶಾಲೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಬೇಕಾಗಿಲ್ಲ. ಖರ್ಚು ದೊಡ್ಡದಲ್ಲ, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ಜಿಲ್ಲೆಯಲ್ಲೇ ಇವೆ.

ಅದು ಆಗುವ ತನಕ ಓದುಗರಲ್ಲಿ, ಅದರಲ್ಲೂ ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಅಮ್ಮಂದಿರಲ್ಲಿ ಒಂದು ಕೋರಿಕೆ. ನಿಮ್ಮ ಅಂಗಳದ ಡೇರೆ, ಗುಲಾಬಿ, ಹೈಡ್ರೇಂಜಿಯ ಎಲ್ಲಿಂದ ಬಂತು, ಯಾರು ಕೊಟ್ಟರು, ಅವರಿಗೆ ಯಾವ ಎಸ್ಟೇಟಿನಿಂದ ಬಂದಿತ್ತು ಎಂಬುದು ನೆನಪಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪಕ್ಕದಲ್ಲಿ ಹೂವಿನ ಬಣ್ಣ, ಅಳತೆ, ಅರಳುವ ತಿಂಗಳು ಇರಲಿ. ಮುಂದಿನ ಸಲ ಯಾರಿಗಾದರೂ ಗೆಡ್ಡೆ ಕೊಡುವಾಗ ಆ ಪುಟದ ಒಂದು ನಕಲನ್ನೂ ಕೊಡಿ.